ಹಿಮ್ಮಡಿಗೆ ನೆಲ

ಮಾರ್ಚ್ 3, ಸೋಮವಾರ

ಇವತ್ತು ಕಾರು ಕೊಟ್ಟರು. ಬಿಳಿಯದು. ಬಾಗಿಲ ಮೇಲೆ ‘ಗೃಹ ಶುಶ್ರೂಷೆ’ ಎಂದು ನೀಲಿ ಅಕ್ಷರದಲ್ಲಿ ಬರೆದಿದ್ದಾರೆ, ಮೊದಲ ‘ಶು’ವಿನ ಕೊಂಬು ಅಳಿಸಿಹೋಗಿದೆ.

ಇದನ್ನು ಒಂಬತ್ತು ವರ್ಷ ಓಡಿಸಿದ ನರ್ಸಣ್ಣ ಹೋದ ತಿಂಗಳು ನಿವೃತ್ತರಾದರಂತೆ. ಆರಡಿ ಮೇಲೆ ಎರಡಂಗುಲದ ಆಳು. ನಾನು ನಾಲ್ಕಡಿ ಏಳಂಗುಲ. ಬಾಗಿಲು ತೆಗೆದು ಕೂತರೆ ಬಾವಿಯೊಳಗೆ ಇಳಿದ ಹಾಗಾಯಿತು. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದೆ. ಕೆಳಗೊಂದು ದಿಂಬು, ಬೆನ್ನಿಗೊಂದು ದಿಂಬು. ಕಾಲ್ಬೆರಳು ಪೆಡಲಿಗೆ ಎಟುಕಿದವು, ಆದರೆ ಅಷ್ಟು ಹೊತ್ತಿಗೆ ಸ್ಟೀರಿಂಗ್ ಎದೆಗೇ ಬಂದು ಕೂತಿತ್ತು.

ಮೇಲ್ವಿಚಾರಕಿ ಕಿಟಕಿಯಲ್ಲಿ ಬಗ್ಗಿ ನೋಡಿದರು. “ಆಗುತ್ತಾ ಸಿಸ್ಟರ್?”

“ಆಗುತ್ತೆ ಮೇಡಂ.”

“ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.”

“ಮಾಡ್ಕೋತೀನಿ ಮೇಡಂ.”

ನನಗೇನು ಹೊಸದೇ? ಹದಿನೇಳು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ, ಸಲೈನ್ ಬಾಟಲಿ ತೂಗುಹಾಕುವುದಕ್ಕೆ ಸ್ಟೂಲು ಹೊತ್ತುಕೊಂಡೇ ಓಡಾಡಿದವಳು. ‘ಸ್ಟೂಲ್ ಸಿಸ್ಟರ್’ ಎಂದೇ ನನ್ನನ್ನು ಕರೆಯುತ್ತಿದ್ದರು. ಹೆಸರು ಹಿಡಿದು ಕರೆಯುತ್ತಿದ್ದವಳು ಅಮ್ಮ ಒಬ್ಬಳೇ.

ಈ ಡೈರಿ ಔಷಧದ ಕಂಪನಿಯವರು ಕೊಟ್ಟದ್ದು. ಖಾಲಿ ಬಿದ್ದಿತ್ತು. ಡ್ಯೂಟಿ ಮುಗಿದ ಮೇಲೆ ದಿನಾ ಅಮ್ಮನಿಗೆ ಫೋನು ಮಾಡಿ, ಎಷ್ಟು ರೋಗಿಗಳು, ಯಾರು ಬೈದರು, ಏನು ತಿಂದೆ ಎಲ್ಲ ಹೇಳುತ್ತಿದ್ದೆ. ಅವಳು ಹೋಗಿ ನಾಲ್ಕು ತಿಂಗಳಾಯಿತು. ಹೊಸ ಊರಿಗೆ ಬಂದರೆ ಸರಿಹೋದೇನು ಅಂದುಕೊಂಡಿದ್ದೆ. ಹೇಳುವ ಚಾಳಿ ಮಾತ್ರ ಬಿಡುತ್ತಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಆರು ಮನೆ ಮುಗಿಸಿದೆ. ಯಾರೂ ಬೈಯಲಿಲ್ಲ.

ಮಾರ್ಚ್ 6, ಗುರುವಾರ

ನಾಲ್ಕನೆಯ ಮನೆ ಒಬ್ಬ ಅಜ್ಜನದು. ನಡಿಗೆ ಸರಿಯಿಲ್ಲದವರಿಗೆ ಬೂಟು ಮಾಡಿಕೊಡುತ್ತಿದ್ದವರಂತೆ. ಒಂದು ಕಾಲು ಗಿಡ್ಡವಿದ್ದವರಿಗೆ ಅಟ್ಟೆ ಎತ್ತರಿಸುವುದು, ಪಾದ ತಿರುಚಿಕೊಂಡ ಮಕ್ಕಳಿಗೆ ಪಟ್ಟಿ ಕೂರಿಸುವುದು, ಅಂಥ ಕೆಲಸ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋಗಿದೆ. ಮಲಗಿ ಮಲಗಿ ಎಡ ಹಿಮ್ಮಡಿಯಲ್ಲಿ ಹುಣ್ಣಾಗಿದೆ. ವಾರಕ್ಕೆ ಎರಡು ಸಲ ತೊಳೆದು ಕಟ್ಟಬೇಕು. ನಾನು ಮನಸ್ಸಿನಲ್ಲಿ ಅವರನ್ನು ಬೂಟಿನಜ್ಜ ಎಂದು ಕರೆದುಕೊಂಡೆ.

ಹಾಸಿಗೆ ಕಿಟಕಿಯ ಪಕ್ಕ. ಕಿಟಕಿ ತಗ್ಗು. ಬೀದಿಯಲ್ಲಿ ಹೋಗುವವರ ಮುಖ ಕಾಣುವುದಿಲ್ಲ, ಮೊಣಕಾಲಿನಿಂದ ಕೆಳಗೆ ಮಾತ್ರ ಕಾಣುತ್ತದೆ.

“ನನಗೆ ಅಷ್ಟೇ ಸಾಕು,” ಅಂದರು. “ಮುಖ ಸುಳ್ಳು ಹೇಳುತ್ತೆ, ಕಾಲು ಹೇಳಲ್ಲ. ನಿಮ್ಮ ಬಲಗಾಲು ಎಳೀತಿದೆಯಲ್ಲ ಸಿಸ್ಟರಮ್ಮ?”

“ಇಲ್ಲ ಅಜ್ಜ.”

ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಒಂದು ಕಿವಿ ಮಂದ, ಹಾಗಾಗಿ ಎಲ್ಲವನ್ನೂ ಜೋರಾಗಿಯೇ ಹೇಳುತ್ತಾರೆ. “ನಲವತ್ತೈದು ವರ್ಷ ಊರವರ ಕಾಲು ಹಿಡ್ಕೊಂಡು ಬದುಕಿದ ಮನುಷ್ಯ ಕಣಮ್ಮ. ನನ್ನ ಮುಖ ನೋಡಿದ್ದೇ ಕಮ್ಮಿ!”

“ನಿನ್ನ ಕಾಲೇ ಚೆನ್ನಾಗಿತ್ತು, ನಾನೇನು ಮಾಡ್ಲಿ?” ಎಂದರು ಅಜ್ಜ.

ಅಜ್ಜಿಗೆ ಅದು ಕೇಳಿಸಿತೋ ಇಲ್ಲವೋ. ಒಳಗೆ ಹೋದರು.

ಮಾರ್ಚ್ 11, ಮಂಗಳವಾರ

ಬಲಗಾಲಿನ ಮೀನಖಂಡ ಕಲ್ಲಾಗಿದೆ. ದಿನವಿಡೀ ಬೆರಳ ತುದಿಯಲ್ಲೇ ಪೆಡಲು ಒತ್ತುವುದು. ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ. ದಪ್ಪ ಅಟ್ಟೆಯ ಬೂಟು ತಂದು ಹಾಕಿಕೊಂಡು ನೋಡಿದೆ. ಎತ್ತರವೇನೋ ಸಿಕ್ಕಿತು, ಆದರೆ ಕಾಲಿಗೆ ಪೆಡಲಿನ ಸುಳಿವೇ ಹತ್ತಲಿಲ್ಲ. ದಪ್ಪ ಕೈಗವಸು ತೊಟ್ಟು ನಾಡಿ ಹಿಡಿದ ಹಾಗೆ.

ಸ್ನಾನ ಮಾಡುವಾಗ ನೋಡಿದೆ, ಎದೆಯ ಮೂಳೆಯ ಮೇಲೆ ಸ್ಟೀರಿಂಗ್ ಒತ್ತಿ ನೀಲಿಗಟ್ಟಿದೆ.

ಯಾರಿಗೂ ಹೇಳುವಂಥದ್ದಲ್ಲ.

ಮಾರ್ಚ್ 13, ಗುರುವಾರ

ಇವತ್ತಿನದನ್ನು ಬರೆದೇ ಮಲಗಬೇಕು. ಅಕ್ಷರ ಹೇಗೆ ಬಂದರೂ ಸರಿ.

ಐದನೆಯ ಮನೆಯ ಗೇಟಿನ ಮುಂದೆ ಸಣ್ಣ ಇಳಿಜಾರು ಇದೆ. ರೋಗಿಯ ಗಂಡ ಗೇಟು ತೆಗೆದು, ಕಂಬಕ್ಕೆ ಒರಗಿ, ಬನ್ನಿ ಬನ್ನಿ ಎಂದು ಕೈ ಬೀಸುತ್ತಿದ್ದರು. ಬ್ರೇಕು ಒತ್ತಿದೆ. ಬೆರಳು ಜಾರಿತು. ಇನ್ನೊಮ್ಮೆ ಒತ್ತಲು ಹೋದೆ, ಕೂತಿದ್ದ ದಿಂಬು ಹಿಂದಕ್ಕೆ ಸರಿಯಿತು. ದಿಂಬಿನ ಜೊತೆ ನಾನೂ ಸರಿದೆ. ಕಾಲು ಗಾಳಿಯಲ್ಲಿತ್ತು. ಕಾರು ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಸೀಟಿನಿಂದ ಕೆಳಕ್ಕೆ ಜಾರಿ, ಬಹುತೇಕ ನಿಂತೇ ಬ್ರೇಕು ತುಳಿದೆ. ಅಷ್ಟರಲ್ಲಿ ಬಂಪರ್ ಗೇಟಿನ ಕಂಬಕ್ಕೆ ಬಡಿದಿತ್ತು.

ಆ ಮನುಷ್ಯ ಅದೇ ಗಳಿಗೆಯಲ್ಲಿ, ಒಳಗಿನಿಂದ ಹೆಂಡತಿ ಕರೆದಳೆಂದು ಎರಡು ಹೆಜ್ಜೆ ಆಚೆ ಹೋಗಿದ್ದರು. ಎರಡೇ ಹೆಜ್ಜೆ.

“ಏನಾಗಿಲ್ಲ ಬಿಡಮ್ಮ, ಕಂಬ ಗಟ್ಟಿ ಇದೆ,” ಎಂದು ನನಗೇ ನೀರು ತಂದುಕೊಟ್ಟರು. ಅವರಿಗೆ ಏನೂ ಅನ್ನಿಸಿರಲಿಲ್ಲ. ಕುಡಿದೆ. ಒಳಗೆ ಹೋಗಿ ಅವರ ಹೆಂಡತಿಯ ರಕ್ತದೊತ್ತಡ ನೋಡಿದೆ. ನನ್ನದೇ ಕಿವಿಯಲ್ಲಿ ಬಡಿದುಕೊಳ್ಳುತ್ತಿತ್ತು.

ಆಫೀಸಿನ ವರದಿಯಲ್ಲಿ ‘ನಾಯಿ ಅಡ್ಡ ಬಂದಿತು’ ಎಂದು ಬರೆದೆ.

ಮಾರ್ಚ್ 14, ಶುಕ್ರವಾರ

ಆ ಬೀದಿಯಲ್ಲಿ ನಾಯಿಯೇ ಇಲ್ಲ.

ಮಾರ್ಚ್ 18, ಮಂಗಳವಾರ

ಬೂಟಿನಜ್ಜನ ಹುಣ್ಣು ಕಟ್ಟುತ್ತಿದ್ದೆ. “ಕಾರು ನಿಲ್ಲಿಸೋವಾಗ ಮೂರು ಸಲ ಬ್ರೇಕ್ ಹಾಕಿದ್ರಿ. ಹೋದ ವಾರ ಒಂದೇ ಸಲ ಹಾಕ್ತಿದ್ರಿ,” ಅಂದರು. ಮಲಗಿದಲ್ಲೇ ಕೇಳಿಸಿಕೊಂಡಿದ್ದಾರೆ.

ಬ್ಯಾಂಡೇಜಿನ ಸುರುಳಿ ಕೈ ತಪ್ಪಿ ಮಂಚದ ಕೆಳಗೆ ಉರುಳಿ ಹೋಯಿತು. ಬಗ್ಗಿ ತೆಗೆಯುವಾಗ, ನೆಲದ ಮೇಲೆ ಕೂತಿದ್ದ ಹಾಗೇ, ಎಲ್ಲ ಹೇಳಿಬಿಟ್ಟೆ. ದಿಂಬು, ಇಳಿಜಾರು, ಎರಡು ಹೆಜ್ಜೆ, ನಾಯಿ. ಮಂಚದ ಕೆಳಗಿನ ಕತ್ತಲಿಗೆ ಹೇಳಿದೆನೋ, ಅವರಿಗೆ ಹೇಳಿದೆನೋ.

ಅಜ್ಜ ಛೆ ಅನ್ನಲಿಲ್ಲ, ಅಯ್ಯೋ ಅನ್ನಲಿಲ್ಲ. “ಟೇಪು ತಗೊಂಡು ಬಾರೇ!” ಎಂದು ಅಜ್ಜಿಯನ್ನು ಕೂಗಿದರು. ಮೂರು ಸಲ ಕೂಗಿದ ಮೇಲೆ ಅವರಿಗೆ ಕೇಳಿಸಿತು.

ಕುರ್ಚಿಯನ್ನು ಮಂಚದ ಹತ್ತಿರ ಎಳೆಸಿ ನನ್ನನ್ನು ಕೂರಿಸಿದರು. ಕಾಲು ಹಾಸಿಗೆಯ ಮೇಲಿಡಿ ಅಂದರು. ನಾನು ಸಂಕೋಚಪಟ್ಟೆ.

“ನನ್ನ ಕೊಳೆತ ಹಿಮ್ಮಡಿನ ನೀವು ಹಿಡೀಬಹುದು. ನಿಮ್ಮ ಗಟ್ಟಿ ಹಿಮ್ಮಡಿನ ನಾನು ಹಿಡೀಬಾರದಾ?”

ಬಲಗೈ ಒಂದರಲ್ಲೇ ಅಳೆದರು. ಟೇಪಿನ ಇನ್ನೊಂದು ತುದಿಯನ್ನು ಅಜ್ಜಿ ಹಿಡಿದರು. ಮೊಣಕಾಲಿನಿಂದ ಹಿಮ್ಮಡಿ, ಹಿಮ್ಮಡಿಯಿಂದ ಹೆಬ್ಬೆರಳ ಬುಡ, ತೊಡೆಯ ಉದ್ದ. ಅಂಗೈಯಲ್ಲಿ ಹಿಮ್ಮಡಿಯನ್ನು ಇಟ್ಟುಕೊಂಡು, ತೂಕ ನೋಡುವವರ ಹಾಗೆ ಮೆಲ್ಲಗೆ ಎತ್ತಿ ಇಳಿಸಿದರು. ದಿನವೆಲ್ಲ ಬೇರೆಯವರ ಮೈ ಮುಟ್ಟುವುದೇ ನನ್ನ ಕೆಲಸ. ನನ್ನ ಕಾಲನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಗಿತ್ತೋ.

“ಎಲ್ಲರೂ ಬೆರಳು ನೋಡ್ತಾರೆ,” ಅಂದರು ಅಜ್ಜ. “ಮನುಷ್ಯ ನಿಲ್ಲೋದು ಹಿಮ್ಮಡಿ ಮೇಲೆ. ಹಿಮ್ಮಡಿಗೆ ನೆಲ ಬೇಕು ತಾಯಿ. ಅದಿಲ್ಲದೆ ಬೆರಳು ಎಷ್ಟು ಅಂತ ಒದ್ದಾಡುತ್ತೆ?”

“ಹಾಗಾದ್ರೆ ಪೆಡಲಿಗೆ ಮರದ ತುಂಡು ಏನಾದ್ರೂ ಕಟ್ಟಬಹುದಾ?”

“ಏನಂದ್ರಿ? ಬ್ರೇಕು ಬೂಟಲ್ಲ. ಬೂಟು ಕಳಚಿದ್ರೆ ಜನ ನಗ್ತಾರೆ, ಅದು ಕಳಚಿದ್ರೆ ಜನ ಸಾಯ್ತಾರೆ. ಅದಕ್ಕೆ ಬೇರೆಯವರಿದ್ದಾರೆ.”

ಕಾಲಿಗೆ ತೊಂದರೆ ಇರುವವರಿಗೆಂದೇ ಗಾಡಿಗಳನ್ನು ಹೊಂದಿಸಿಕೊಡುವ ಗ್ಯಾರೇಜು ಒಂದಿದೆಯಂತೆ. ವಿಳಾಸ ಹೇಳಿದರು. ಅಳತೆಗಳನ್ನು ಚೀಟಿಯಲ್ಲಿ ಬರೆದು ಕೊಟ್ಟರು. ಆದರೆ ಕಾರು ಆಫೀಸಿನದು. ಕೇಳಬೇಕು. ಕೇಳಿದರೆ ಯಾಕೆ ಅನ್ನುತ್ತಾರೆ.

ಮಾರ್ಚ್ 20, ಗುರುವಾರ

ಹೇಳಿದೆ.

ಮೇಲ್ವಿಚಾರಕಿಯ ಮೇಜಿನ ಮುಂದೆ ನಿಂತು, ಮೊದಲೇ ಮನಸ್ಸಿನಲ್ಲಿ ಉರು ಹೊಡೆದಿದ್ದ ನಾಲ್ಕು ವಾಕ್ಯಗಳನ್ನು ಒಪ್ಪಿಸಿದೆ. “ಅವತ್ತು ನಾಯಿ ಬಂದಿರಲಿಲ್ಲ ಮೇಡಂ. ಬ್ರೇಕಿಗೆ ನನ್ನ ಕಾಲು ಎಟುಕಲಿಲ್ಲ. ಮೊದಲ ದಿನದಿಂದಲೂ ಸರಿಯಾಗಿ ಎಟುಕ್ತಿಲ್ಲ. ನಾನು ಸುಳ್ಳು ಬರೆದೆ.”

ಅವರು ಪೆನ್ನು ಕೆಳಗಿಟ್ಟರು. “ಮೊದಲ ದಿನ ನಾನು ಕೇಳಿದೆನಲ್ಲ, ಆಗುತ್ತಾ ಅಂತ?”

“ಕೇಳಿದ್ರಿ.”

“ಆಗುತ್ತೆ ಅಂದ್ರಿ.”

“ಅಂದೆ ಮೇಡಂ.”

“ಯಾರಾದ್ರೂ ಸತ್ತಿದ್ರೆ?”

“ಅದಕ್ಕೇ ಹೇಳೋಕೆ ಬಂದೆ ಮೇಡಂ.”

ಕೀಲಿ ಇಸಕೊಂಡರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ನಾಳೆಯಿಂದ ಹಿಂದಿನ ಕೋಣೆಯಲ್ಲಿ ಡ್ರೆಸ್ಸಿಂಗ್ ಸಾಮಾನು ಕಟ್ಟುವ ಕೆಲಸ. ನನ್ನ ಆರು ಮನೆಗಳನ್ನು ಇನ್ನೊಬ್ಬ ನರ್ಸಿಗೆ ಹಂಚಿದ್ದಾರೆ. ಪೆಡಲಿನ ಮಾತು, ಗ್ಯಾರೇಜಿನ ಮಾತು ಬಾಯಿಗೆ ಬರಲೇ ಇಲ್ಲ. ಚೀಟಿ ಜೇಬಿನಲ್ಲೇ ಉಳಿಯಿತು.

ಮಾರ್ಚ್ 24, ಸೋಮವಾರ

ಹತ್ತಿ, ಬ್ಯಾಂಡೇಜ್ ಬಟ್ಟೆ, ಅಂಟುಪಟ್ಟಿ. ಮಡಚುವುದು, ಕಟ್ಟುವುದು, ಡಬ್ಬಕ್ಕೆ ತುಂಬುವುದು. ಹಿಂದಿನ ಕೋಣೆಗೆ ಕಿಟಕಿ ಇಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆಗೆದೆ. ಎಲ್ಲರೂ ಮುಂದಿನ ಕೋಣೆಯಲ್ಲಿ ಕೂತು ನಗುತ್ತಿದ್ದರು. ಬಾ ಅಂತ ಯಾರೂ ಕರೆಯಲಿಲ್ಲ. ಬರಬೇಡ ಅಂತಲೂ ಯಾರೂ ಹೇಳಿರಲಿಲ್ಲ.

ಮಾರ್ಚ್ 25, ಮಂಗಳವಾರ

ಇವತ್ತು ಬೂಟಿನಜ್ಜನ ದಿನ. ಬೇರೆಯವರು ಹೋಗಿರುತ್ತಾರೆ. ಹುಣ್ಣಿನ ಅಂಚನ್ನು ಉಜ್ಜಬಾರದು, ಮೆಲ್ಲಗೆ ಒತ್ತಬೇಕು ಅಂತ ಅವರಿಗೆ ಹೇಳಬೇಕಿತ್ತು.

ಮಾರ್ಚ್ 26, ಬುಧವಾರ

ಇಡೀ ದಿನದಲ್ಲಿ ನಾನು ಆಡಿದ ಮಾತು ಎರಡು. ‘ಹೂಂ.’ ‘ಆಯ್ತು.’

ಮಾರ್ಚ್ 27, ಗುರುವಾರ

ಕೆಲಸ ಮುಗಿಸಿ, ಕಾಲು ಎತ್ತ ಕರೆದರೆ ಅತ್ತ ನಡೆದೆ. ಗ್ಯಾರೇಜಿನ ಮುಂದೆ ನಿಂತಿದ್ದೆ. ಸುಳ್ಳು ಯಾಕೆ, ಅಲ್ಲಿಗೇ ಹೊರಟಿದ್ದೆ.

ಗ್ಯಾರೇಜು ನಡೆಸುವವರು ಒಬ್ಬ ಹೆಂಗಸು. ಐವತ್ತರ ಮೇಲೆ ಇರಬೇಕು. ಕಾರಿನ ಅಡಿಯಿಂದ ಮೊದಲು ಒಂದು ಬೂಟು ಬಂತು, ಆಮೇಲೆ ಇನ್ನೊಂದು ಬೂಟು. ಇದರ ಅಟ್ಟೆ ಮೂರಂಗುಲ ಎತ್ತರ. ಕೊನೆಗೆ ಮಸಿ ಮೆತ್ತಿದ ಮುಖ ಬಂತು.

ಚೀಟಿ ಕೊಟ್ಟೆ. ಅಕ್ಷರ ನೋಡಿದ್ದೇ ಮುಖ ಅರಳಿತು. “ಇನ್ನೂ ಇದ್ದಾರಾ ನಮ್ಮ ಮೇಷ್ಟ್ರು? ನನ್ನ ಏಳನೇ ವಯಸ್ಸಿಗೆ ಮೊದಲನೇ ಬೂಟು ಮಾಡಿಕೊಟ್ಟವರು ಅವರೇ. ಅದನ್ನ ಹಾಕ್ಕೊಂಡು ಮೊದಲು ಮಾಡಿದ ಕೆಲಸ ಏನು ಗೊತ್ತಾ? ನನ್ನ ಅಣ್ಣನ್ನ ಓಡಿಸ್ಕೊಂಡು ಹೋಗಿ ಒದ್ದೆ.”

ಒಂದು ಹಳೆಯ ಕಾರಿನಲ್ಲಿ ಕೂರಿಸಿ ತೋರಿಸಿದರು. ಪೆಡಲಿನ ಮೇಲೆ ಇನ್ನೊಂದು ಅಗಲವಾದ ಲೋಹದ ಹಲಗೆ, ನಡುವೆ ಗಟ್ಟಿ ಕಂಬಿ, ಹಿಂದಿನಿಂದ ಬೋಲ್ಟು. ಬೇರೆಯವರು ಓಡಿಸುವಾಗ ಬಿಚ್ಚಿಡಬಹುದು. “ನೀವು ಪೆಡಲಿನ ಹತ್ತಿರ ಹೋಗಬಾರದು, ಪೆಡಲು ನಿಮ್ಮ ಹತ್ತಿರ ಬರಬೇಕು. ಎದೆಗೂ ಸ್ಟೀರಿಂಗಿಗೂ ಒಂದು ಮೊಳ ಇರಬೇಕು. ನೀವೀಗ ಕೂರೋ ಹಾಗೆ ಕೂತ್ರೆ, ಡಿಕ್ಕಿಯಾದಾಗ ಅದರೊಳಗಿನ ಏರ್‌ಬ್ಯಾಗು ನಿಮ್ಮನ್ನ ಉಳಿಸಲ್ಲ, ಗುದ್ದಿ ಮುಗಿಸುತ್ತೆ. ಆಫೀಸಿನಿಂದ ಒಂದು ಒಪ್ಪಿಗೆ ಪತ್ರ ತನ್ನಿ, ಮಾಡಿಕೊಡ್ತೀನಿ.”

“ಅವರು ಒಪ್ಪಲ್ಲ ಅಕ್ಕ.”

“ಕೇಳಿದ್ರಾ?”

“ಇಲ್ಲ.”

“ಮತ್ತೆ? ಕನಸು ಬಿತ್ತಾ?”

ಮಾರ್ಚ್ 28, ಶುಕ್ರವಾರ

ಕೇಳಿದೆ. ಮೇಲ್ವಿಚಾರಕಿ ಚೀಟಿಯನ್ನು ತಿರುವಿ ಮುರುವಿ ನೋಡಿದರು.

“ನಿಮ್ಮ ಹಿಂದಿನವರು ಇದೇ ಕಾರಿಗೆ ಮೂರು ಅರ್ಜಿ ಬರೆದ್ರು ಗೊತ್ತಾ? ಮೊಣಕಾಲು ತಾಗುತ್ತೆ, ಸೀಟು ಹಿಂದಕ್ಕೆ ಹಾಕಿಸಿಕೊಡಿ ಅಂತ. ಮೂರನೇ ಅರ್ಜಿಗೆ ಹಾಕಿಸಿಕೊಟ್ಟೆ.”

ಅದಕ್ಕೇ ಬಾವಿಯೊಳಗೆ ಇಳಿದ ಹಾಗಾಗುತ್ತಿತ್ತು! ಆ ಸೀಟಿನ ಹಳಿಯೇ ಹಿಂದಕ್ಕೆ ಹೋಗಿದೆ. ನಗು ಬಂತು. ತಡೆದುಕೊಂಡೆ. ಅವರೂ ತಡೆದುಕೊಂಡಂತೆ ಕಂಡಿತು.

“ನೀವು ಒಂದೂ ಬರೆಯಲಿಲ್ಲ,” ಅಂದರು. “ಬರೀರಿ. ಈಗಲೇ. ಇಲ್ಲೇ ಕೂತು.”

ಬರೆದೆ. ಸಹಿ ಹಾಕಿದರು. ಅಳವಡಿಸಿದ ಮೇಲೆ ಸಾರಿಗೆ ಇನ್‌ಸ್ಪೆಕ್ಟರ್ ಮುಂದೆ ಓಡಿಸಿ ತೋರಿಸಬೇಕು, ಅವರು ಆಗಲ್ಲ ಅಂದರೆ ಹಿಂದಿನ ಕೋಣೆಯೇ ಖಾಯಂ.

ಏಪ್ರಿಲ್ 4, ಶುಕ್ರವಾರ

ಒಂದೇ ದಿನದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಮೂರು ಸಂಜೆ ಹಿಡಿಯಿತು.

ಮೊದಲ ಸಲ ಕಂಬಿ ಉದ್ದವಾಯಿತು. ಕ್ಲಚ್ ಬಿಡುವಾಗ ಮೊಣಕಾಲು ಸ್ಟೀರಿಂಗಿನ ಅಡಿಗೆ ಹೊಡೆಯಿತು. ಎರಡನೆಯ ಸಲ ಗಿಡ್ಡ ಮಾಡಿದರು. ಪೆಡಲು ಸರಿಯಾಗಿ ಸಿಕ್ಕಿತು, ಆದರೆ ಕಾಲು ಕುರ್ಚಿಯಲ್ಲಿ ಕೂತ ಮಗುವಿನ ಕಾಲಿನ ಹಾಗೆ ನೇತಾಡುತ್ತಿತ್ತು. ಬ್ರೇಕಿನಿಂದ ಆಕ್ಸಿಲರೇಟರಿಗೆ ದಾಟುವಾಗ ಪಾದವನ್ನು ಪೂರ್ತಿ ಎತ್ತಬೇಕು. ಗ್ಯಾರೇಜಿನಕ್ಕ ತಲೆ ಕೆರೆದುಕೊಂಡು, ಚೀಟಿಯನ್ನು ಮತ್ತೆ ಬಿಡಿಸಿದರು. ಅಳತೆಗಳ ಕೆಳಗೆ, ಮಡಿಕೆಯೊಳಗೆ, ಸಣ್ಣ ಅಕ್ಷರದಲ್ಲಿ ಬರೆದಿತ್ತು: ‘ಮೊದಲು ಹಿಮ್ಮಡಿ.’

“ಮುದುಕನಿಗೆ ಗೊತ್ತಿತ್ತು ನಾನು ಮರೀತೀನಿ ಅಂತ,” ಎಂದು ತಮಗೆ ತಾವೇ ಬೈದುಕೊಂಡರು.

ಇವತ್ತು ನೆಲಕ್ಕೊಂದು ಮೆಟ್ಟಿಲು ಕೂರಿಸಿದರು. ನಾಲ್ಕಂಗುಲ ಎತ್ತರ, ಮೇಲೆ ರಬ್ಬರು, ನಾಲ್ಕು ಮೂಲೆಗೂ ಬೋಲ್ಟು. ಅಲುಗಾಡಿಸಿ ನೋಡಿದೆ. ಜಗ್ಗಲಿಲ್ಲ. ಬ್ರೇಕಿನ ಹಲಗೆಯನ್ನು ಪಕ್ಕದ್ದಕ್ಕಿಂತ ಒಂದು ಬೆರಳು ಎತ್ತರಕ್ಕಿಟ್ಟರು. ಗಾಬರಿಯಲ್ಲಿ ಎರಡನ್ನೂ ಒಟ್ಟಿಗೆ ತುಳಿದರೂ ಮೊದಲು ಬ್ರೇಕು ಸಿಗಲಿ ಅಂತ. ಸೀಟು ಹಿಂದಕ್ಕೆ ಹೋಯಿತು, ಟಕ್, ಟಕ್, ಟಕ್, ಟಕ್. ನಾಲ್ಕು ಹಲ್ಲು. ಕೆಳಗಿನ ದಿಂಬಿನ ಬದಲು, ಜಾರದ ಹಾಗೆ ಸೀಟಿಗೇ ಬಿಗಿದ ಗಟ್ಟಿ ಮೆತ್ತೆ.

ಗ್ಯಾರೇಜಿನ ಹಿಂದೆ ಖಾಲಿ ಮೈದಾನವಿದೆ. ಅಕ್ಕ ಪಕ್ಕದಲ್ಲಿ ಕೂತರು. “ನಲವತ್ತಕ್ಕೆ ಹೋಗಿ. ನಾನು ಹೇಳಿದಾಗ ಒತ್ತಿ.”

ಹೋದೆ. “ಒತ್ತಿ!” ಅಂದರು.

ಒತ್ತಿದೆ. ನಿಂತಿತು. ಬೆರಳಿನಿಂದಲ್ಲ, ಇಡೀ ಕಾಲಿನಿಂದ ಒತ್ತಿದ್ದೆ. ಹಿಮ್ಮಡಿ ಕೂತಿತ್ತು, ಬೆನ್ನು ಸೀಟಿಗೆ ಆತಿತ್ತು. ಧೂಳು ಕಾರನ್ನು ದಾಟಿ ಮುಂದೆ ಹೋಯಿತು.

ಇನ್ನೊಂದು ಸಲ ಅಂದರು. ಇನ್ನೊಂದು ಸಲ. ಎಂಟು ಸಲ ನಿಲ್ಲಿಸಿದೆ. ಒಂಬತ್ತನೆಯದು ಅವರು ಹೇಳದೆಯೇ ಮಾಡಿದೆ. ಕಣ್ಣಲ್ಲಿ ಧೂಳು ಬಿದ್ದಿತ್ತು. ಅಕ್ಕ ಆಚೆ ಮುಖ ಮಾಡಿ, ಮೈದಾನದ ಗೋಡೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಏಪ್ರಿಲ್ 8, ಮಂಗಳವಾರ

ಇನ್‌ಸ್ಪೆಕ್ಟರ್ ಮಾತೇ ಆಡದ ಮನುಷ್ಯ. ಬೋಲ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಮೇಲಕ್ಕೆ ಹೊರಡಿಸಿದರು. ಕೊನೆಗೆ ಬರೆದುಕೊಟ್ಟು, ಇಳಿಯುವಾಗ ಒಂದೇ ಮಾತು ಆಡಿದರು: “ನಮ್ಮ ಅಕ್ಕನೂ ನಿಮ್ಮಷ್ಟೇ ಎತ್ತರ. ಓಡಿಸೋದನ್ನೇ ಬಿಟ್ಟುಬಿಟ್ಟಳು.”

ಕೀಲಿ ಸಿಕ್ಕಿತು.

ಏಪ್ರಿಲ್ 10, ಗುರುವಾರ

ಬೂಟಿನಜ್ಜ ಕಾರಿನ ಸದ್ದು ಕೇಳಿಸಿಕೊಂಡೇ ಇದ್ದರು. “ಒಂದೇ ಸಲ,” ಅಂದರು ನಾನು ಒಳಗೆ ಕಾಲಿಡುವ ಮೊದಲೇ. ಹುಣ್ಣು ಪರವಾಗಿಲ್ಲ, ಅಂಚು ಗುಲಾಬಿ ಬಣ್ಣಕ್ಕೆ ತಿರುಗಿದೆ. ಗ್ಯಾರೇಜಿನಕ್ಕ ಅಣ್ಣನನ್ನು ಒದ್ದ ಕಥೆ ಹೇಳಿದೆ. ಅಜ್ಜಿಗೆ ಕೇಳಿಸಲಿ ಅಂತ ಜೋರಾಗಿ ಇನ್ನೊಮ್ಮೆ ಹೇಳಬೇಕಾಯಿತು.

ಏಪ್ರಿಲ್ 16, ಬುಧವಾರ

ಸೀಟು ಹಿಂದೆ ಹೋದ ಮೇಲೆ ಕನ್ನಡಿಯಲ್ಲಿ ಹಿಂದಿನ ಸೀಟು ಪೂರ್ತಿ ಕಾಣುತ್ತದೆ. ಮೊದಲು ನನ್ನ ಹಣೆ ಮಾತ್ರ ಕಾಣುತ್ತಿತ್ತು. ಇಷ್ಟು ಜಾಗ ಇದೆಯಲ್ಲ ಈ ಕಾರಿನಲ್ಲಿ. ಮೂರು ಜನ ಆರಾಮಾಗಿ ಕೂರಬಹುದು.

ಏಪ್ರಿಲ್ 29, ಮಂಗಳವಾರ

ಅಜ್ಜಿ ಬಿದ್ದಿದ್ದಾರೆ. ನಿನ್ನೆ ಅಜ್ಜನನ್ನು ಮಗ್ಗುಲು ಹೊರಳಿಸಲು ಹೋಗಿ ತಾವೇ ಹೊರಳಿ, ಬಲ ಮಣಿಕಟ್ಟು ಮುರಿದಿದೆ. ಕೈ ಜೋಳಿಗೆಯಲ್ಲಿತ್ತು. ನೋವಿಗಿಂತ ಸಿಟ್ಟೇ ಜಾಸ್ತಿ. “ಎಡಗೈಲಿ ಇವರಿಗೆ ಅನ್ನ ತಿನ್ನಿಸಿದ್ರೆ ಮೂಗಿಗೆ ಹೋಗುತ್ತೆ,” ಎಂದು ಬೈಯುತ್ತಿದ್ದರು.

ಮಗ ಬಂದಿದ್ದಾರೆ. ಇಲ್ಲಿಂದ ನೂರ ನಲವತ್ತು ಕಿಲೋಮೀಟರ್ ದೂರದ ಊರು, ಬೇಕರಿಯಲ್ಲಿ ಕೆಲಸ. ಕಣ್ಣು ಕೆಂಪಾಗಿತ್ತು. ಎರಡು ವರ್ಷದಿಂದ ಪ್ರತಿ ವಾರದ ರಜೆಯಲ್ಲೂ ಬಂದು ಹೋಗುತ್ತಿರುವ ಮನುಷ್ಯ. ಇಬ್ಬರನ್ನೂ ತಮ್ಮ ಮನೆಗೆ ಕರೆದುಕೊಂಡು ಹೋಗುತ್ತಾರಂತೆ. ಇನ್ನು ಹತ್ತು ದಿನ.

“ಒಳ್ಳೆಯದೇ ಆಯ್ತು,” ಅಂದೆ. ಒಳ್ಳೆಯದೇ. ನರ್ಸಾಗಿ ಕೇಳಿದರೂ ಅದನ್ನೇ ಹೇಳುತ್ತೇನೆ.

ಹುಣ್ಣು ಕಟ್ಟುವಾಗ ಅಜ್ಜ ಕಿಟಕಿಯ ಕಡೆ ನೋಡುತ್ತಿದ್ದರು. ಶಾಲೆ ಬಿಟ್ಟಿತ್ತು, ಸಣ್ಣ ಸಣ್ಣ ಕಾಲುಗಳು ಓಡುತ್ತಿದ್ದವು.

“ಅಲ್ಲಿ ಮೂರನೇ ಮಹಡಿ,” ಅಂದರು ಕೊನೆಗೆ. “ಕಿಟಕೀಲಿ ಆಕಾಶ ಕಾಣುತ್ತಂತೆ. ಆಕಾಶಕ್ಕೆ ಕಾಲೆಲ್ಲಿದೆ?”

ಬಾಗಿಲಲ್ಲಿ ಮಗ, ಅಂಬುಲೆನ್ಸಿನಲ್ಲಿ ಮಲಗಿಸಿಕೊಂಡು ಹೋದರೆ ಅಪ್ಪ ಹೆದರುತ್ತಾರೆ, ಹೋದ ಸಲ ಹಾಗೇ ಆಯಿತು, ಏನು ಮಾಡೋದೋ ಅಂದರು.

“ನಾನು ಕರ್ಕೊಂಡು ಬರ್ತೀನಿ,” ಅಂದೆ. “ಮುಂದಿನ ಸೀಟು ಒರಗಿಸಬಹುದು. ಒಪ್ಪಿಗೆ ಕೇಳ್ಕೊಂಡು ಬರ್ತೀನಿ.”

ಅಲ್ಲಿಂದ ನೇರ ಆಫೀಸಿಗೆ ಹೋಗಿ ಕೇಳಿದೆ. ಹತ್ತನೇ ತಾರೀಕು ಶನಿವಾರ, ನಿಮ್ಮ ರಜೆ, ಕಾರು ತಗೊಂಡು ಹೋಗಿ ಅಂದರು ಮೇಲ್ವಿಚಾರಕಿ. ಎರಡು ನಿಮಿಷದ ಮಾತು.

ಮೇ 9, ಶುಕ್ರವಾರ

ನಾಳೆ.

ಮೇ 10, ಶನಿವಾರ

ಮನೆಗೆ ಬಂದು ಕೈಕಾಲು ತೊಳೆದು ಕೂತಿದ್ದೇನೆ. ಇನ್ನೂ ಬೆಳಕಿದೆ. ಎಲ್ಲವನ್ನೂ ಬರೆದುಬಿಡಬೇಕು.

ಬೆಳಿಗ್ಗೆ ಎಂಟಕ್ಕೆ, ಮಗನೂ ನಾನೂ ಸೇರಿ ಅಜ್ಜನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. ಎಡಭಾಗಕ್ಕೆ ಎರಡು ದಿಂಬು ಒತ್ತಿದೆ. ಹಿಮ್ಮಡಿಯ ಕೆಳಗೆ ಮೆತ್ತಗಿನ ಸ್ಪಂಜು. ಅಜ್ಜಿ ಹಿಂದಿನ ಸೀಟಿನಲ್ಲಿ, ಜೋಳಿಗೆಯ ಕೈ, ಮಡಿಲಲ್ಲಿ ಗಡಿಯಾರ. ಸಾಮಾನಿನ ಟೆಂಪೋದಲ್ಲಿ ಮಗ ಮುಂದೆ ಹೋದರು.

ಎರಡು ವರ್ಷದ ಮೇಲೆ ಅಜ್ಜ ಮನೆಯಿಂದ ಹೊರಗೆ ಬಂದಿದ್ದರು. ರಸ್ತೆ ನೋಡುತ್ತಾರೆ, ಮರ ನೋಡುತ್ತಾರೆ ಅಂದುಕೊಂಡಿದ್ದೆ. ಅವರು ನೋಡಿದ್ದು ನನ್ನ ಕಾಲನ್ನು. ನಿದ್ದೆ ಹತ್ತುವ ತನಕವೂ.

“ಕ್ಲಚ್ ಪೂರ್ತಿ ಬಿಡಿ. ಹಾಂ. ಮೆಟ್ಟಿಲು ಕಾಲಂಗುಲ ಎಡಕ್ಕಿದ್ದಿದ್ರೆ ಇನ್ನೂ ಚೆನ್ನಾಗಿತ್ತು. ಹೇಳಿ ಅವಳಿಗೆ.”

“ಆ ಮಗೂನ ನೆಮ್ಮದಿಯಾಗಿ ಓಡಿಸೋಕೆ ಬಿಡ್ರೀ!” ಹಿಂದಿನಿಂದ ಅಜ್ಜಿ. “ದಾರಿಯುದ್ದಕ್ಕೂ ಕಾಲು, ಕಾಲು, ಕಾಲು!”

ನಲವತ್ತೊಂದು ವರ್ಷದ ಹೆಂಗಸನ್ನು ಮಗು ಅಂದರು.

ಮಧ್ಯದಲ್ಲಿ ಒಂದು ಲಾರಿ ಏಕಾಏಕಿ ಅಡ್ಡ ತಿರುಗಿತು. ಯೋಚನೆ ಬರುವ ಮೊದಲೇ ಕಾಲು ಒತ್ತಿತ್ತು. ಕಾರು ನಿಂತಿತು. ಅಜ್ಜಿಯ ಮಡಿಲಿನ ಗಡಿಯಾರವೂ ಜಾರಿ ಬೀಳಲಿಲ್ಲ. ಅಜ್ಜ ತಮ್ಮ ಬಲಗೈಯನ್ನು ನನ್ನ ಮೊಣಕಾಲ ಮೇಲೆ ಒಂದು ಸಲ ಇಟ್ಟು ತೆಗೆದರು. ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ನಿದ್ದೆ ಹೋಗಿದ್ದರು.

ಅವರ ಸೊಸೆ ಮೂರು ಮಹಡಿ ಇಳಿದು ಬಂದು ನಿಂತಿದ್ದರು. ನೆರೆಯವರು ಸೇರಿ ಅಜ್ಜನನ್ನು ಕುರ್ಚಿ ಸಮೇತ ಮೇಲಕ್ಕೆ ಹೊತ್ತರು. ಮನೆ ತುಂಬ ಗಲಾಟೆ, ಮೊಮ್ಮಕ್ಕಳು, ಟೀವಿ, ಕುಕ್ಕರಿನ ಕೂಗು. ಅಜ್ಜಿ ಬಂದ ಐದು ನಿಮಿಷಕ್ಕೇ ಗಡಿಯಾರ ಎಲ್ಲಿ ತೂಗುಹಾಕಬೇಕು ಎಂದು ಜಗಳ ತೆಗೆದರು. ಸೊಸೆಗೆ ಹುಣ್ಣು ತೊಳೆಯುವುದನ್ನು ಹೇಳಿಕೊಟ್ಟೆ. ಉಜ್ಜಬಾರದು, ಒತ್ತಬೇಕು. ಅವರ ಕೈ ಹಗುರವಾಗಿದೆ, ಚೆನ್ನಾಗಿ ಮಾಡುತ್ತಾರೆ.

ಊಟ ಮಾಡಿಕೊಂಡು ಹೋಗಿ ಎಂದರು. ಮಾಡಿದೆ. ಇದ್ದು ಹೋಗಿ ಎಂದರು. ಇಲ್ಲ ಎಂದೆ.

ಹೊರಡುವಾಗ ಅಜ್ಜನ ಹಾಸಿಗೆಯ ಹತ್ತಿರ ಹೋದೆ. ಕಿಟಕಿಯಲ್ಲಿ ನಿಜವಾಗಿಯೂ ಬರೀ ಆಕಾಶ.

“ಹೋಗ್ಬರ್ತೀನಿ ಅಜ್ಜ.”

“ಇಳಿದು ಹೋಗೋವಾಗ ಮೆಟ್ಟಿಲ ಮೇಲೆ ಸ್ವಲ್ಪ ಜೋರಾಗಿ ನಡೀರಿ,” ಅಂದರು. “ಕೇಳಿಸ್ಕೋತೀನಿ.”

ಮೂರು ಮಹಡಿ. ಒಂದೊಂದು ಮೆಟ್ಟಿಲಿಗೂ ಹಿಮ್ಮಡಿ ಊರಿ ಇಳಿದೆ. ಕೆಳಗೆ ಬಂದು ಕಾರಿನಲ್ಲಿ ಕೂತಾಗ ಪಕ್ಕದ ಸೀಟಿನಲ್ಲಿ ದಿಂಬುಗಳು ಅವರು ಒರಗಿದ ಹಾಗೇ ಕುಸಿದಿದ್ದವು. ಸರಿಮಾಡಲು ಮನಸ್ಸಾಗಲಿಲ್ಲ. ಗುರುವಾರ ಬರುತ್ತದೆ, ನಾಲ್ಕನೆಯ ಮನೆ ಇರುವುದಿಲ್ಲ. ನೂರ ನಲವತ್ತು ಕಿಲೋಮೀಟರು ಒಬ್ಬಳೇ ಬಂದೆ. ಅರ್ಧ ದಾರಿ ಏನು ನೋಡಿದೆನೋ ನೆನಪಿಲ್ಲ.

ಊರು ಇನ್ನೇನು ಬಂತು ಅನ್ನುವಾಗ ರೈಲ್ವೆ ಗೇಟು ಹಾಕಿತ್ತು. ಪಕ್ಕದ ಸಾಲಿನಲ್ಲಿ ಒಂದು ಹಸಿರು ಕಾರು. ಒಳಗೆ ಒಬ್ಬ ಹುಡುಗಿ, ಇಪ್ಪತ್ತೈದು ಇರಬಹುದು. ಗಲ್ಲ ಸ್ಟೀರಿಂಗಿನ ಮೇಲೆಯೇ ಇತ್ತು. ಕೆಳಗೆ ಮಡಚಿದ ಕಂಬಳಿ. ಕತ್ತು ಚಾಚಿ, ಬಾವಿಯಿಂದ ಇಣುಕುವ ಹಾಗೆ ರಸ್ತೆ ನೋಡುತ್ತಿದ್ದಳು.

ಗಾಜು ಇಳಿಸಿ, “ರೀ, ನಿಮಗೆ ಬ್ರೇಕು ಸರಿಯಾಗಿ ಎಟುಕುತ್ತಾ?” ಎಂದು ಕೇಳಿದೆ.

ಅವಳು ಬೆಚ್ಚಿದಳು. “ಎಟುಕುತ್ತೆ,” ಅಂದಳು.

“ಹಿಮ್ಮಡಿ ನೆಲಕ್ಕೆ ತಾಗುತ್ತಾ?”

ಆಗ ಅವಳು ಬಗ್ಗಿ ತನ್ನ ಕಾಲನ್ನು ನೋಡಿಕೊಂಡಳು.

ಅಷ್ಟರಲ್ಲಿ ರೈಲು ಬಂತು, ಮುಂದೆ ಹೇಳಿದ್ದು ಅವಳಿಗೆ ಕೇಳಿಸಲಿಲ್ಲ. ಗೇಟು ಏಳಲು ಶುರುವಾಯಿತು. ಮುಂದಿನ ಗಾಡಿಗಳು ಹೊರಟವು. ನಾನು ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ. ಅವಳ ಕಿಟಕಿಯ ಹತ್ತಿರ ನಿಂತು, ಬ್ಯಾಂಡೇಜಿನ ಪೊಟ್ಟಣದ ಹಿಂದೆ ಗ್ಯಾರೇಜಿನ ವಿಳಾಸ ಬರೆದೆ. ಪೆಡಲು ಹೇಗೆ ಹತ್ತಿರ ಬರುತ್ತದೆ, ಸೀಟು ಹೇಗೆ ಹಿಂದೆ ಹೋಗುತ್ತದೆ, ಯಾಕೆ ಹೋಗಬೇಕು, ಎಲ್ಲ ಕೈಯಾಡಿಸಿ ಹೇಳಿದೆ. ಹಿಂದೆ ಇಡೀ ಸಾಲು ಹಾರ್ನು ಹೊಡೆಯುತ್ತಿತ್ತು. ಒಬ್ಬ ಲಾರಿಯವನು ತಲೆ ಹೊರಗೆ ಹಾಕಿ, “ಏನಮ್ಮಾ, ರಸ್ತೆ ನಿಮ್ಮಪ್ಪಂದಾ?” ಎಂದು ಕೂಗಿದ.

“ಎರಡು ನಿಮಿಷ ಇರಪ್ಪಾ! ಜೀವದ ವಿಷಯ!” ಎಂದು ಕೂಗಿದೆ.

ಅವನು ತಲೆ ಒಳಗೆ ಎಳೆದುಕೊಂಡ. ಹಾರ್ನು ನಿಂತಿತು. ನಾನು ಬರೆಯುವುದನ್ನು ಮುಗಿಸಿದೆ. ಆ ಹುಡುಗಿ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಗ್ಯಾರೇಜಿನಲ್ಲಿ ಯಾರು ಕಳಿಸಿದ್ರು ಅಂತ ಹೇಳ್ಲಿ?” ಎಂದು ಕೇಳಿದಳು.

ನನ್ನ ಹೆಸರು ಹೇಳಿದೆ. ಸಿಸ್ಟರ್ ಅಂತ ಅಲ್ಲ. ಹೆಸರು.

ಕೂಗಿದ ಗಂಟಲು ಇನ್ನೂ ಉರಿಯುತ್ತಿದೆ. ಬಿಸಿನೀರು ಕುಡಿಯಬೇಕು.